ನಿಂಬೆವ್ವನ ಮಂಡಿ

ನಿಂಬೆವ್ವ ತೀರಿಕೊಂಡ ಸುದ್ದಿಯನ್ನು ಅವಳ ಅಣ್ಣ ಗುರುಪಾದಪ್ಪನವರಿಗೆ ಮೊದಲು ಹೇಳಿದ್ದು ಅವಳ ಎಡಗಾಲಿನ ಮಂಡಿ.

ಆ ದಿನ ಬೆಳಿಗ್ಗೆ ಅವರು ಎಂದಿನಂತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಸೊಸೆ ಕೊಟ್ಟ ಬಿಸಿ ರೊಟ್ಟಿಯ ಮುಟಗಿ ತಿಂದು ವಿಜಯಪುರದ ಸಿಡಿಲು ಕೇಂದ್ರಕ್ಕೆ ಬಂದಿದ್ದರು. ಬಾಗಿಲಲ್ಲಿದ್ದ ಮರದ ಗೂಡಿನಲ್ಲಿ ತಮ್ಮ ಮೊಬೈಲನ್ನು ಇಟ್ಟು ಒಳಗೆ ಹೋದರು. ಅಲ್ಲಿ ಕೂತವರು ಖಂಡದ ಮೋಡಗಳನ್ನು ನೋಡುವವರು. ಆ ಹೊತ್ತಿನಲ್ಲಿ ಮನೆಯ ಮಾತು ಕಿವಿಗೆ ಬೀಳಬಾರದೆಂಬುದು ಕೇಂದ್ರದ ಕಟ್ಟುನಿಟ್ಟು. ಹೀಗಾಗಿ, ಕೆಂಗುಡ್ಡದಲ್ಲಿ ತಂಗಿಯ ಮನೆಯ ಮುಂದೆ ಜನ ಸೇರುತ್ತಿದ್ದಾಗ ಅಣ್ಣ ಇಲ್ಲಿ ನಿಶ್ಚಿಂತೆಯಿಂದ ನಕಾಶೆಯ ಮುಂದೆ ಕೂತಿದ್ದರು.

ಗುರುಪಾದಪ್ಪನವರು ನೌಕರಿಯಲ್ಲಿದ್ದಾಗ ಹವಾಮಾನ ಕಚೇರಿಯ ಅಂಗಳದಿಂದ ಬಲೂನು ಹಾರಿಸುತ್ತಿದ್ದವರು. ಬಲೂನು ಮೇಲೇರಿ ಗಾಳಿಯ ಸೆಖೆ, ತೇವ, ಓಟಗಳನ್ನು ತಿಳಿಸುತ್ತಿತ್ತು. ಜನ ಅವರನ್ನು ಬಲೂನ ಮಾಸ್ತರ ಎಂದೇ ಕರೆಯುತ್ತಿದ್ದರು. ಅವರು ನಿವೃತ್ತರಾದ ಮೇಲೆ ಕಾಲ ಬದಲಾಯಿತು. ಆಕಾಶವನ್ನು ತಿಳಿಯಲು ಆಕಾಶಕ್ಕೇ ಹೋಗಬೇಕಾಗಿಲ್ಲ, ಮುದುಕರ ಮೊಣಕಾಲಿಗೆ ಹೋದರೂ ಸಾಕು ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದರು.

ಸಂಗತಿ ಬಹಳ ಸರಳ. ದೊಡ್ಡ ಗುಡುಗುಮಳೆ ಹುಟ್ಟುವ ಮುಂಚೆ, ಮೋಡ ಕಣ್ಣಿಗೆ ಬೀಳುವುದಕ್ಕೂ ಎಷ್ಟೋ ಹೊತ್ತು ಮುಂಚೆ, ಗಾಳಿಯಲ್ಲಿ ನಿಧಾನವಾದೊಂದು ನಡುಕ ಏಳುತ್ತದೆ. ಅದು ಕಿವಿಗೆ ಕೇಳಿಸದು. ಯಂತ್ರಗಳು ಹಿಡಿಯಲು ಹೋದರೆ ಗಾಳಿಯ ಉಳಿದ ಗದ್ದಲದಲ್ಲಿ ಕಳೆದುಹೋಗುತ್ತದೆ. ಆದರೆ ಸವೆದ ಮಂಡಿಯೊಳಗೆ ಒಂದಿಷ್ಟು ನೀರಿದೆ, ಆ ನೀರಿನಲ್ಲಿ ಆಯುಷ್ಯವೆಲ್ಲ ಕೂತು ಎದ್ದು ಸೇರಿಕೊಂಡ ಸೂಕ್ಷ್ಮವಾದ ಗುಳ್ಳೆಗಳಿವೆ. ತಂಬೂರಿಯ ಒಂದು ತಂತಿ ಮೀಟಿದರೆ ಪಕ್ಕದ ತಂತಿ ತಾನಾಗಿ ಮಿಡಿಯುವ ಹಾಗೆ ಆ ಗುಳ್ಳೆಗಳು ದೂರದ ಗಾಳಿಯ ನಡುಕಕ್ಕೆ ನಡುಗುತ್ತವೆ. “ಮಂಡಿ ಹಿಡ್ಯಾಕತ್ತೈತಿ, ಮಳಿ ಬರೂದೈತಿ” ಎಂದು ಅಜ್ಜಿಯರು ಹೇಳುತ್ತಿದ್ದುದು ಇದೇ. ಮಂಡಿಗೆ ತೆಳ್ಳನೆಯ ಪಟ್ಟಿಯೊಂದನ್ನು ಕಟ್ಟಿದರೆ ಅದು ಆ ನಡುಕವನ್ನೂ, ಮಂಡಿಯ ಹಿಂದೆ ಹರಿಯುವ ನಾಡಿಯನ್ನೂ ಕೇಳಿಸಿಕೊಂಡು ಕೇಂದ್ರಕ್ಕೆ ಕಳಿಸುತ್ತದೆ. ಒಂದು ಮಂಡಿ ಸುಳ್ಳು ಹೇಳಬಹುದು, ಮೆಟ್ಟಿಲು ಹತ್ತಿದ್ದಕ್ಕೆ ನೋಯಬಹುದು. ಆದರೆ ವಿಜಯಪುರದಿಂದ ಸೈಬೀರಿಯಾದವರೆಗೆ, ಏಷ್ಯಾ ಖಂಡದ ಲಕ್ಷಾಂತರ ಮುದುಕರ ಮಂಡಿಗಳು ಒಟ್ಟಿಗೆ ಸುಳ್ಳು ಹೇಳಲಾರವು. ಸಿಡಿಲು ಎಲ್ಲಿ, ಯಾವ ಹೊತ್ತಿಗೆ ಎಂದು ಹೊಲದ ಮಟ್ಟಿಗೆ ಹೇಳುವುದು ಸಾಧ್ಯವಾಯಿತು.

ಊರೂರಿನ ಪಂಚಾಯಿತಿ ಕಟ್ಟಡದ ಮೇಲೆ ದೀಪ ಬಂತು. ಬಿಳಿ ಇದ್ದರೆ ಬಯಲಿಗೆ ಹೋಗಬಹುದು. ಕೆಂಪು ಹತ್ತಿ ಎಚ್ಚರಿಕೆಯ ಕೂಗು ಎದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಗಟ್ಟಿ ಮಾಡಿನ ಕೆಳಗೆ ಬರಬೇಕು. ಶಾಲೆಯ ಮಕ್ಕಳು ಅದಕ್ಕೆ ಕೆಂಪು ಸೂಟಿ, ಅಂದರೆ ಕೆಂಪು ರಜೆ, ಎಂದು ಹೆಸರಿಟ್ಟರು. ಮನೆಯ ಮೂಲೆಯಲ್ಲಿ ಕೂತು ನರಳುತ್ತಿದ್ದ ಅಜ್ಜ ಅಜ್ಜಿಯರಿಗೆ ಒಮ್ಮೆಲೇ ಬೆಲೆ ಬಂತು. ಹೆಣ್ಣು ನೋಡಲು ಬಂದವರು “ನಿಮ್ಮ ಮನ್ಯಾಗ ಪಟ್ಟಿ ಕಟ್ಟಿದವ್ರು ಯಾರದಾರ?” ಎಂದು ಕೇಳತೊಡಗಿದರು. ಮಂಡಿಗೆ ಎಣ್ಣೆ ತಿಕ್ಕಲು ಮೊಮ್ಮಕ್ಕಳಲ್ಲಿ ಜಗಳವಾಗುತ್ತಿತ್ತು.

ನಿಂಬೆವ್ವನದು ಸಾಮಾನ್ಯ ಮಂಡಿಯಾಗಿರಲಿಲ್ಲ. ಪ್ರತಿ ಸೀಮೆಯಲ್ಲೂ ಎಲ್ಲಕ್ಕಿಂತ ಸತ್ಯವಾದ ಒಂದು ಮಂಡಿಯನ್ನು ಆರಿಸಿ ಅದಕ್ಕೆ ಗೂಟದ ಮಂಡಿ ಎನ್ನುತ್ತಿದ್ದರು. ದನಗಳನ್ನು ಗೂಟಕ್ಕೆ ಕಟ್ಟಿದಂತೆ ಸುತ್ತಲಿನ ನೂರಾರು ಮಂಡಿಗಳ ಮಾತನ್ನು ಆ ಒಂದರ ಮಾತಿಗೆ ಕಟ್ಟುತ್ತಿದ್ದರು. ಗೂಟ ಮಿಡಿದರೆ ಉಳಿದವರ ಮಾತು ನಿಜ. ಗೂಟ ಸುಮ್ಮನಿದ್ದರೆ ಉಳಿದವರ ನೋವು ಬಿಸಿಲಿನದೋ ದುಡಿತದ್ದೋ ಎಂದು ಯಂತ್ರ ಬದಿಗೆ ಸರಿಸುತ್ತಿತ್ತು. ಕೃಷ್ಣೆಯಿಂದ ಭೀಮೆಯವರೆಗಿನ ಬಯಲಿಗೆ ನಿಂಬೆವ್ವನೇ ಗೂಟ. ಅದನ್ನು ಅಣ್ಣ ಹೇಳಿದ ದಿನ ಅವಳು ಸೆರಗು ಬಾಯಿಗಿಟ್ಟು ನಕ್ಕಿದ್ದಳು. “ಯಣ್ಣಾ, ಈ ಮನಿಗೆ ಬಂದಾಗಿಂದ ಸಾರಿಗೆ ಉಪ್ಪು ಎಷ್ಟು ಹಾಕ್ಲಿ ಅಂದ್ರೂ ನನ್ನ ಮಾತ ಯಾರೂ ಕೇಳಿಲ್ಲ. ಈಗ ನೋಡು, ನನ್ನ ಮಂಡಿ ಮಾತ ರಷ್ಯಾದಾಗ ಕೇಳ್ತಾರಂತ!”

ಪಕ್ಕದಲ್ಲಿ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಾವಂತ್ರವ್ವ ಕೂತಿದ್ದಳು. “ರಷ್ಯಾದವ್ರಿಗೆ ಉಪ್ಪಿಂದೂ ಹೇಳಕ್ಕಾ, ಅವರರ ಹಾಕ್ಲಿ,” ಎಂದಳು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯಲ್ಲಿ ರೊಟ್ಟಿ ಬಡಿದು, ಒಬ್ಬಳ ಹಿಂದೊಬ್ಬಳು ವಿಧವೆಯರಾಗಿ, ಜಗಳವಿಲ್ಲದೆ ಬದುಕಿದವರು. ಅದೂ ಒಂದು ವಿಜ್ಞಾನವೇ ಎಂದು ಗುರುಪಾದಪ್ಪನವರು ಚೇಷ್ಟೆ ಮಾಡುತ್ತಿದ್ದರು.

ಆ ಬೆಳಿಗ್ಗೆ ಕೇಂದ್ರದ ಹೊಣೆ ರೇಷ್ಮಾ ಇನಾಮದಾರಳದು. ಚುರುಕು ಬುದ್ಧಿಯ ಹುಡುಗಿ. ನಕಾಶೆಯ ಮೇಲೆ ಕಣ್ಣಿಟ್ಟಳೆಂದರೆ ಚಹಾ ಆರಿಹೋದರೂ ಗೊತ್ತಾಗದವಳು. ಗುರುಪಾದಪ್ಪನವರಂಥ ಹಿರಿಯರೊಬ್ಬರು ಪ್ರತಿ ಕೇಂದ್ರದಲ್ಲೂ ಇರುತ್ತಿದ್ದರು. ಲೆಕ್ಕ ಹುಡುಗರದು, ನೋವಿನ ಭಾಷೆ ಮುದುಕರದು.

“ಅಜ್ಜಾರ, ಇಲ್ಲಿ ಬರ್ರಿ ಒಂದೀಟು,” ಎಂದು ಅವಳು ಕರೆದಳು. “ತಿಕೋಟಾ ಕಡೆ ಮುದುಕರೆಲ್ಲ ಒದರಾಕತ್ತಾರ. ಬಬಲೇಶ್ವರದವ್ರೂ ಒದರಾಕತ್ತಾರ. ನಕಾಶಿ ಮಾತ್ರ ಬಿಳಿ ಐತಿ.”

“ಗೂಟ ಏನಂತೈತಿ?”

“ಗೂಟ ನಿದ್ದಿ ಮಾಡಾಕತ್ತೈತ್ರಿ. ನಿಮ್ಮ ತಂಗೆವ್ವಾರು ಇವತ್ತ ಭಾಳ ಆರಾಮ ಅದಾರ.”

ಆ ಮಾತಿಗೆ ಅವರಿಗೆ ಮೊದಲು ಹಿಗ್ಗೇ ಆಯಿತು. ಹೋದ ವಾರವೆಲ್ಲ ಅವಳು ನೋವಿನಿಂದ ನಿದ್ದೆ ಮಾಡಿರಲಿಲ್ಲ. ಕನ್ನಡಕ ಏರಿಸಿ ಪರದೆಯ ಮೇಲೆ ತಂಗಿಯ ಮಂಡಿಯ ಗೆರೆಯನ್ನು ನೋಡಿದರು. ಗೆರೆ ಸಮನಾಗಿ ಹೋಗುತ್ತಿತ್ತು. ಹಾಗೆ ಹೋಗುತ್ತಿದ್ದದ್ದು ಸಟ್ಟನೆ ಕೆಳಗಿಳಿದು ನಿಂತಿತು. ನೆಲಕ್ಕೆ ಕೂತು ಮಂಡಿಯನ್ನು ಪೂರ್ತಿ ಮಡಚಿದರೆ ಮಾತ್ರ ಗೆರೆ ಹಾಗಾಗುತ್ತದೆ.

“ಚಕ್ಕಳಮಕ್ಕಳ ಹಾಕಿ ಕುಂತಾಳಲ್ಲ!” ಎಂದರು.

“ಛಲೋ ಆತಲ್ರಿ. ಔಷಧ ಹತ್ತಿರಬೇಕು.”

“ಇಲ್ಲವ್ವ. ಆ ಮಂಡಿ ಮಡಚೂದಿಲ್ಲ. ಪೂಜಿಗೂ ಮಣಿ ಮ್ಯಾಲ ಕಾಲ ಚಾಚಿ ಕುಂದರ್ತಾಳ.” ಅವರು ಇನ್ನೂ ನೋಡುತ್ತಿದ್ದಂತೆ ಗೆರೆ ಒಂದೇ ಏಟಿಗೆ ಮೇಲೆದ್ದಿತು. ನಿಂಬೆವ್ವ ಏಳುವುದು ಹಾಗಲ್ಲ. ಗೋಡೆ ಹಿಡಿದು, ಅರ್ಧ ಎದ್ದು, ‘ಶಿವಾ’ ಎಂದು ಉಸಿರು ಬಿಟ್ಟು, ಆಮೇಲೆ ಉಳಿದರ್ಧ ಏಳುವಳು. ಆ ‘ಶಿವಾ’ ಗೆರೆಯಲ್ಲಿ ಒಂದು ತಗ್ಗಾಗಿ ಕಾಣುತ್ತಿತ್ತು. ಇಲ್ಲಿ ತಗ್ಗೇ ಇಲ್ಲ.

ದೇವರು ನನ್ನ ತಂಗಿಯ ನೋವು ತೆಗೆದನೇ ಎಂದು ಒಂದು ಕ್ಷಣ ಅವರ ಮನಸ್ಸು ಆಸೆಪಟ್ಟಿತು. ಆದರೆ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತ್ತು.

ರೇಷ್ಮಾ ಅವರ ಮುಖ ನೋಡಿದವಳೇ ಏನೂ ಕೇಳದೆ ಗೆರೆಯನ್ನು ಹಿಂದಕ್ಕೆ, ಬೆಳಗಿನ ಜಾವಕ್ಕೆ ಓಡಿಸಿದಳು. ಅಲ್ಲಿ ಮಂಡಿಯ ಹಿಂದಿನ ನಾಡಿ ಕಾಣುತ್ತಿತ್ತು. ಅದು ತೆಳುವಾಗುತ್ತ ಬಂದಿತ್ತು. ಆಮೇಲೆ ಸಂಜೆ ದನ ಮನೆಗೆ ಬರುವ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ ನಿಧಾನವಾಗಿ, ನಿಂತಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ಏನೂ ಇಲ್ಲ. ಅದಾದ ಮೇಲೆ ಇನ್ನೊಂದು ನಾಡಿ, ಗಟ್ಟಿಯಾದದ್ದು, ಬೇರೆ ಯಾರದೋ.

ರೇಷ್ಮಾ ತಲೆ ತಗ್ಗಿಸಿದಳು. ಗುರುಪಾದಪ್ಪನವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

ಇನ್ನೊಬ್ಬರ ಪಟ್ಟಿಯನ್ನು ಯಾರಾದರೂ ಕಟ್ಟಿಕೊಂಡಾರು ಎಂಬ ಯೋಚನೆ ಯಂತ್ರ ಮಾಡಿದವರಿಗೆ ಬಂದಿರಲಿಲ್ಲ. ಅವರು ದೊಡ್ಡ ದೊಡ್ಡ ಊರುಗಳ ಜನ, ನೆಗೆಣ್ಣಿಯರ ವಿಷಯ ಅವರಿಗೇನು ಗೊತ್ತು? ಗುರುಪಾದಪ್ಪನವರಿಗೆ ಆ ಎರಡನೆಯ ನಾಡಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಅಜ್ಜಾರ, ನೀವು ಹೊರಗ ಹೋಗಿ ಕುಂದರ್ರಿ. ನಾ ನೋಡ್ಕೋತೀನಿ,” ಎಂದಳು ರೇಷ್ಮಾ.

“ಏನ ನೋಡ್ಕೋತಿ ಮಗಳ? ಗಟ್ಟಿ ಮಂಡಿಗೆ ಮಳಿ ತಿಳಿಯೂದಿಲ್ಲ. ಗೂಟ ಸುಮ್ನ ಐತಿ ಅಂತ ನಕಾಶಿ ಬಿಳಿ ಐತಿ. ಈಗ ಒಣದ್ರಾಕ್ಷಿ ಸುಗ್ಗಿ. ಮಂದಿ ಎಲ್ಲಾ ಬಯಲಾಗ ಅದಾರ. ಗೂಟ ಕೀಳಬೇಕು. ಕೀಳಾಕ ಮನಿ ಮಂದಿ ಮಾತ ಬೇಕು.”

ಅದು ನಿಯಮ. ಬದುಕಿದ್ದವರನ್ನು ತಪ್ಪಿ ಸತ್ತವರೆಂದು ತೆಗೆದುಹಾಕಬಾರದೆಂದು, ಗೂಟದ ಮಂಡಿಯನ್ನು ತೆಗೆಯುವ ಮುಂಚೆ ರಕ್ತಸಂಬಂಧಿಕರೊಬ್ಬರು ಪರದೇಶದ ಅಲ್ಮಾಟಿ ನಗರದಲ್ಲಿದ್ದ ಮುಖ್ಯ ಕೇಂದ್ರಕ್ಕೆ ತಮ್ಮ ಬಾಯಿಂದಲೇ ಹೇಳಬೇಕಾಗಿತ್ತು. ಕೆಂಗುಡ್ಡದ ಮನೆಗೆ ರೇಷ್ಮಾ ಮತ್ತೆ ಮತ್ತೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಸಾವಿನ ಮನೆಯಲ್ಲಿ ಭಜನೆ ನಡೆದಿರುವಾಗ ಫೋನಿನ ಗಂಟೆ ಯಾರಿಗೆ ಕೇಳೀತು?

ಗುರುಪಾದಪ್ಪನವರು ಖುರ್ಚಿ ಎಳೆದುಕೊಂಡು ಕೂತರು. ಮೋಡ, ಗಾಳಿ, ಸಿಡಿಲು ಯಾವುದಕ್ಕೂ ಹೆದರದವರು ಆ ಸಣ್ಣ ಮೈಕಿನ ಮುಂದೆ ಹೆದರಿದರು. ತಾವು ಹೇಳುವವರೆಗೆ ತಂಗಿ ಎಲ್ಲೋ ಒಂದು ಕಡೆ ಇದ್ದಾಳೆ. ಹೇಳಿಬಿಟ್ಟರೆ ಇಲ್ಲ. ಬಾಯೊಳಗೆ ಪಂಚಾಕ್ಷರಿ ಜಪಿಸಿ ಗುಂಡಿ ಒತ್ತಿದರು.

ಅಲ್ಮಾಟಿಯಲ್ಲಿ ಸೌಲೆ ಎಂಬಾಕೆ ಇದ್ದಳು. ಅವಳ ಮಾತನ್ನು ಯಂತ್ರ ಕನ್ನಡ ಮಾಡಿ ಹೇಳುತ್ತಿತ್ತು. ಅದರ ಕನ್ನಡ ಶಾಲೆಯ ಪುಸ್ತಕದ್ದು. “ನಮಸ್ಕಾರ ಹಿರಿಯರೇ. ತಾವು ತಿಳಿಸಬಯಸುವ ವಿಷಯವೇನು?”

“ಕೆಂಗುಡ್ಡದ ನಿಂಬೆವ್ವ...” ಎಂದು ಅವರು ನಿಂತರು. “ನಿಂಬೆವ್ವ ಬೆಳಗಿನ ಜಾವ ಶಿವೈಕ್ಯ ಆದಳು. ಈಗ ಪಟ್ಟಿ ಬ್ಯಾರೇದವರ ಕಾಲಾಗೈತಿ. ಗೂಟ ತಗೀರಿ.”

“ತಾವು ಅವರಿಗೆ ಏನಾಗಬೇಕು?”

“ಅಣ್ಣ.”

ಆಮೇಲೆ ಯಂತ್ರದ ದನಿ ಮತ್ತೆ ಬಂತು. “ತೆಗೆದಿದ್ದೇನೆ. ನಮ್ಮ ಅಜ್ಜಿಯೂ ಪಟ್ಟಿ ಕಟ್ಟಿಕೊಂಡಿದ್ದಾರೆ, ಹಿರಿಯರೇ. ನಿಮ್ಮ ತಂಗಿಯವರನ್ನು ಅವರು ಬಲ್ಲರು. ದಕ್ಷಿಣದ ಅಕ್ಕನಿಗೆ ಇಂದು ನೋವು ಹೇಗಿದೆ ಎಂದು ನನ್ನನ್ನು ದಿನವೂ ಕೇಳುತ್ತಾರೆ. ಅವರಿಗೆ ನಾನು ಏನು ಹೇಳಲಿ?”

“ನೋವು ಹೋತು ಅಂತ ಹೇಳವ್ವ,” ಎಂದರು ಗುರುಪಾದಪ್ಪನವರು.

ಗೂಟ ಕಿತ್ತ ಕೂಡಲೆ ಸುತ್ತಲಿನ ಮುದುಕರ ಕೂಗಿಗೆ ಬಿಡುಗಡೆಯಾಯಿತು. ಬಿಳಿಯ ನಕಾಶೆಯ ಮೇಲೆ, ಒದ್ದೆ ಬಟ್ಟೆಗೆ ಬಣ್ಣ ಹತ್ತಿದಂತೆ, ಕೆಂಪು ಹರಡುತ್ತ ಹೋಯಿತು. ಸಿಡಿಲು ಬೀಳುವ ಹೊತ್ತು ಮಧ್ಯಾಹ್ನ ಕಳೆದ ಮೇಲೆ, ಸಂಜೆಯ ಒಳಗೆ. ಎಲ್ಲಕ್ಕಿಂತ ದಟ್ಟವಾದ ಕೆಂಪು ಕೆಂಗುಡ್ಡದ ಮೇಲೆಯೇ ಕೂತಿತು. ಊರೂರಲ್ಲಿ ದೀಪ ಬದಲಾಯಿತು, ಕೂಗು ಎದ್ದಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಭೀಮಶಿ ಬಂದು ನಿಂತಿದ್ದ. ನಿಂಬೆವ್ವನ ಹೊಲ ನೋಡಿಕೊಳ್ಳುವವನು. ಸಾವಿನ ಸುದ್ದಿಯನ್ನು ತವರಿನ ಹಿರಿಯರಿಗೆ ಫೋನಿನಲ್ಲಿ ಹೇಳುವ ಪದ್ಧತಿ ಆ ಕಡೆ ಇಲ್ಲ. ಮನುಷ್ಯನನ್ನು ಕಳಿಸಬೇಕು, ಅವನು ಎದುರಿಗೆ ನಿಂತು ಸುತ್ತುಬಳಸಿ ಹೇಳಬೇಕು.

“ಯಜಮಾನ್ರ,” ಎಂದು ಭೀಮಶಿ ಹೆಗಲ ಮೇಲಿನ ವಸ್ತ್ರ ಕೈಗೆ ತೆಗೆದುಕೊಂಡ. “ಆಯಿಗೆ ಒಂದೀಟು ಆರಾಮಿಲ್ರಿ. ನೀವು ಬರಬೇಕಂತ.”

“ಕುಂದರು ಭೀಮಶಿ. ನನಗ ಗೊತ್ತಾಗೇತಿ. ನೀರ ಕುಡಿ.”

ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದ ಭೀಮಶಿ ಅಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ಸುದ್ದಿ ತಂದವನನ್ನು ಸುದ್ದಿ ಕೇಳಬೇಕಾದವರೇ ಸಮಾಧಾನ ಮಾಡಿದರು.

“ಎಲ್ಲಿ ಮಣ್ಣು ಕೊಡ್ತಾರ?”

“ಗುಡ್ಡದ ಹೊಲದಾಗ್ರಿ. ಕುಣಿ ತೋಡಿ ಆತು. ಹೊತ್ತು ಮುಣುಗೂದ್ರಾಗ ಮುಗಸಬೇಕಂತ ಐನಾರು ಹೇಳ್ಯಾರ. ಎಲ್ಲಾ ತಯಾರೈತಿ, ನಿಮ್ಮ ತವರ ಸೀರಿಗೇ ಕಾಯಾಕತ್ತಾರ.”

ಗುರುಪಾದಪ್ಪನವರು ನಕಾಶೆಯ ಕೆಂಪನ್ನು ತಿರುಗಿ ನೋಡಿದರು. ಊರಿನಿಂದ ಆ ಹೊಲಕ್ಕೆ ಹೋಗುವ ದಾರಿ ಬೋಳು ಬಯಲು. ಊರಿಗೂರೇ ಆ ದಾರಿಯಲ್ಲಿ ಹೊರಡುತ್ತದೆ, ಶವವನ್ನು ಕೂರಿಸಿದ ವಿಮಾನ ಹೊತ್ತುಕೊಂಡು, ತಾಳ ಬಾರಿಸಿಕೊಂಡು. ಭೀಮಶಿಯ ಫೋನಿನಿಂದ ತಂಗಿಯ ಮಗ ಚಂದ್ರಾಮನಿಗೆ ಮಾಡಿಸಿದರು. ಈ ಸಲ ಅವನು ಎತ್ತಿದ.

“ಮಾಮಾ...” ಎಂದು ಅತ್ತ. ಅವನ ಅಳು ನಿಂತ ಮೇಲೆ ಇವರು, “ದೀಪ ಕೆಂಪಾಗೇತಿ, ನೋಡಿದ್ಯೋ ಇಲ್ಲೊ? ಸಿಡಿಲು ನಿಮ್ಮ ಗುಡ್ಡಕ್ಕs ಬರಾಕತ್ತೈತಿ. ಮಳಿ ಹೋಗೂತನ ಎತ್ತಬ್ಯಾಡ್ರಿ” ಎಂದರು.

“ನಾ ಹೇಳಿದ್ನಿ ಮಾಮಾ. ಹಿರೇರು ಕೇಳವೊಲ್ರು. ಮುಂಜಾನೆ ಬಿಳಿ ಇತ್ತು, ಈಗ ಕೆಂಪಂತ, ದೀಪ ಕೆಟ್ಟೈತಿ ಅಂತಾರ. ಮತ್ತ ಕೆಂಪು ದೀಪ ದುಡಿಯಾವ್ರಿಗೆ, ಮಣ್ಣಿಗಲ್ಲ ಅಂತಾರ. ನೀವು ಸೀರಿ ತಗೊಂಡು ಲಗೂನ ಬರ್ರಿ.”

“ಸೀರಿ ಬರಲಿಲ್ಲಂದ್ರ?”

“ಏನಂತ ಮಾತಾಡ್ತೀರಿ ಮಾಮಾ! ತವರ ಸೀರಿ ಬರೂಕಿಂತ ಮೊದಲ ಹೆಣ್ಮಗಳ್ನ ಎತ್ತಾಕ ಬರ್ತೈತೇನು?”

ಗುರುಪಾದಪ್ಪನವರು ಫೋನು ಭೀಮಶಿಯ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂತರು. ಬಲೂನು ಹಾರಿಸಿದ ವಿದ್ಯೆ, ಮಂಡಿಯ ವಿದ್ಯೆ, ಅಲ್ಮಾಟಿಯ ಯಂತ್ರ, ಯಾವುದೂ ಕೆಂಗುಡ್ಡದ ಹಿರಿಯರನ್ನು ಮನೆಯೊಳಗೆ ಕೂಡಿಸಲಾರದು. ಅವರನ್ನು ಕೂಡಿಸಬಲ್ಲದ್ದು ಒಂದೇ ಒಂದು. ಸೀರೆ ತಡವಾಗಬೇಕು.

ರೇಷ್ಮಾಳಿಗೆ, “ಭೀಮಶಿ ಫೋನಿಗೆ ಮಾಡು. ಕೆಂಗುಡ್ಡ ಬಿಳಿ ಆದಕೂಡ್ಲೆ ಹೇಳು, ಅದಕ್ಕಿಂತ ಮೊದಲ ಬ್ಯಾಡ” ಎಂದು ಹೇಳಿ ಹೊರಟರು.

ಮಾರುಕಟ್ಟೆಯ ರಾಚಪ್ಪನ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಇಳಕಲ್ ಸೀರೆ ತೋರಿಸು ಎಂದರು. ರಾಚಪ್ಪ ಮೊದಲು ತೆಗೆದದ್ದು ಕೆಂಪು ಸೆರಗಿನ ಕಪ್ಪು ಹಸಿರು ಸೀರೆ, ಸೆರಗಿಗೆ ಟೋಪು ತೆನೆಯ ನೇಯ್ಗೆ. ನೋಡಿದೊಡನೆ ಅವರಿಗೆ ಎದೆ ತುಂಬಿ ಬಂತು. ಇದು ಅವಳದೇ ಎಂದು ಗೊತ್ತಾಗಿಹೋಯಿತು. ಆದರೆ, “ಬ್ಯಾರೇದು ತಗಿ” ಎಂದರು.

ರಾಚಪ್ಪ ತೆಗೆದ. ಹಳದಿ, ದಾಳಿಂಬೆ, ಈರುಳ್ಳಿ ಸಿಪ್ಪೆಯ ಬಣ್ಣ. ಒಂದನ್ನೂ ಬಿಡದೆ ಬಿಚ್ಚಿಸಿದರು, ಅಂಚು ಸವರಿದರು, ಬೆಳಕಿಗೆ ಹಿಡಿದರು. ಹೆಂಡತಿ ಇದ್ದಾಗ ನಾಗರ ಪಂಚಮಿಗೆ ತಂಗಿಯ ಸೀರೆಯನ್ನು ಅವಳೇ ಆರಿಸುತ್ತಿದ್ದಳು. ಅವರು ಇಂಥ ಕೆಲಸಕ್ಕೆ ಎಂದೂ ಕೂತವರಲ್ಲ. ಭೀಮಶಿ ಬಾಗಿಲಿಗೂ ಗಾದಿಗೂ ಅಡ್ಡಾಡಿದ. ಕಡೆಗೆ ಅವನಿಗೆ ತಡೆಯಲಾಗಲಿಲ್ಲ.

“ಯಜಮಾನ್ರ, ತಪ್ಪ ತಿಳೀಬ್ಯಾಡ್ರಿ. ಮಣ್ಣಾಗ ಇಡೂ ಸೀರಿ. ಇದಕ್ಕ ಸೆರಗ ಹ್ಯಾಂಗೈತಿ, ದಡಿ ಹ್ಯಾಂಗೈತಿ ಅಂತ ನೋಡ್ತಾರೇನ್ರಿ?”

“ಕಡೀ ಸೀರಿ ಭೀಮಶಿ. ನೋಡ್ಬೇಕು. ರಾಚಪ್ಪ, ಅದರ ಬಾಜೂಕಿಂದು ತಗಿ.”

ಭೀಮಶಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಮ್ಮೆ ಚಂದ್ರಾಮ, ಒಮ್ಮೆ ಊರ ಗೌಡರು. ಒಮ್ಮೆ ಯಾವುದೋ ಮುದುಕಿ, ಭೀಮಶಿಯ ಕಿವಿಯಿಂದ ಹೊರಗೂ ಕೇಳುವಂತೆ, “ಅಣ್ಣ ಅನಿಸಿಕೊಂಡಾವ ಎಲ್ಲಿ ಕುಂತಾನೋ? ಒಡಹುಟ್ಟಿದಾಕಿ ಮಾರಿ ನೋಡಾಕ ಇಷ್ಟು ಬ್ಯಾಸರೇನು?” ಎಂದು ಒದರಿದಳು. ಗುರುಪಾದಪ್ಪನವರು ಕೈಯಲ್ಲಿದ್ದ ಸೀರೆಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು. ತಂಗಿಯ ಮುಖ ನೋಡಬೇಕೆಂದು ಅವರ ಜೀವ ಹರಿದುಹೋಗುತ್ತಿತ್ತು. ಹೊತ್ತು ಹೋದಷ್ಟೂ ಆ ಮುಖದ ಬೆಳಕು ಆರುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ಗಾದಿಯಿಂದ ಏಳಲಿಲ್ಲ.

ರಾಚಪ್ಪ ಅಷ್ಟು ಹೊತ್ತಿಗೆ ಬಿಚ್ಚುವುದನ್ನು ನಿಲ್ಲಿಸಿ ಸುಮ್ಮನೆ ಅವರ ಎದುರಿಗೆ ಕೂತಿದ್ದ. “ನಿಂಬೆವ್ವಾರಿಗೇನ್ರಿ?” ಎಂದು ಮೆಲ್ಲಗೆ ಕೇಳಿದ. ಅವರು ಹೌದೆಂದು ತಲೆಯಾಡಿಸಿದರು. ಆಳನ್ನು ಕಳಿಸಿ ಚಹಾ ತರಿಸಿದ, ಯಾರೂ ಕುಡಿಯಲಿಲ್ಲ.

ಹೊರಗೆ ಬೆಳಕು ಮೊದಲು ಹಳದಿಯಾಯಿತು. ಆಮೇಲೆ ಸೀಸದ ಬಣ್ಣ. ಬೀದಿಯ ಧೂಳೆಲ್ಲ ಒಮ್ಮೆಲೇ ಎದ್ದು ಅಂಗಡಿಗಳ ಬಾಗಿಲು ಬಡಿಯಿತು. ಪಶ್ಚಿಮದ ಕಡೆ, ಕೆಂಗುಡ್ಡ ಇರುವ ಕಡೆ, ಆಕಾಶ ನೆಲದವರೆಗೆ ಬಿರಿದು ಮುಚ್ಚಿತು. ಗುಡುಗಿನ ಏಟಿಗೆ ಕಪಾಟಿನ ಗಾಜು ಅದುರಿತು.

ಭೀಮಶಿ ಬಾಗಿಲಲ್ಲಿ ನಿಂತವನು ತಿರುಗಿ ಅವರನ್ನು ನೋಡಿದ. ಆಕಾಶವನ್ನು ನೋಡಿದ. ಗಾದಿಯ ಮೇಲೆ ಹರಡಿದ ಸೀರೆಗಳನ್ನು ನೋಡಿದ.

“ನೀವು ಬೇಕಂತ ಕುಂತ್ರಿ,” ಎಂದ.

“ನಾ ಹೋದ್ರ ಎತ್ತತಾರ, ಭೀಮಶಿ.”

ಭೀಮಶಿ ಬಂದು ಅವರ ಕಾಲ ಹತ್ತಿರ ಕೂತ. ಮಳೆ ಮುಗಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ರೇಷ್ಮಾಳ ಫೋನು ಬಂದಾಗ ಗುರುಪಾದಪ್ಪನವರು ಎದ್ದು, “ಮೊದಲು ತೋರಿಸಿದ್ದು ಕೊಡು ರಾಚಪ್ಪ” ಎಂದರು. ಅವನು ಅದನ್ನು ಆಗಲೇ ಕಟ್ಟಿ ಇಟ್ಟಿದ್ದ.

ಇವರು ಕೆಂಗುಡ್ಡ ಮುಟ್ಟಿದಾಗ ಮಳೆ ತೊಳೆದ ಊರಿನ ಮೇಲೆ ಇಳಿಬಿಸಿಲು ಬಿದ್ದಿತ್ತು. ಚಂದ್ರಾಮ ಎದುರು ಬಂದವನು ಮಾವನ ಎದೆಗೆ ಬಿದ್ದ. “ಕುಣಿ ಬಾಜೂಕ ಬನ್ನಿ ಗಿಡ ಸೀಳಿ ಸುಟ್ಟು ಹೋಗೇತಿ ಮಾಮಾ. ನಾವು ಅಲ್ಲೇ ಇರ್ತಿದ್ವಿ. ಎಲ್ಲಾರೂ ಅಲ್ಲೇ ಇರ್ತಿದ್ವಿ.” ಹಿರಿಯರು ಕಟ್ಟೆಯಿಂದ ಎದ್ದು ನಿಂತು ದಾರಿ ಬಿಟ್ಟರು. ಫೋನಿನಲ್ಲಿ ಒದರಿದ್ದ ಮುದುಕಿ ಬಂದು ಅವರ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಪಡಸಾಲೆಯಲ್ಲಿ ನಿಂಬೆವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮೈತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಮುಖದಲ್ಲಿ ಬೆಳಕು ಇನ್ನೂ ಇತ್ತು. ಪಕ್ಕದಲ್ಲಿ ಸಾವಂತ್ರವ್ವ, ಚಕ್ಕಳಮಕ್ಕಳ ಹಾಕಿ.

ಗುರುಪಾದಪ್ಪನವರು ತಂಗಿಯ ತಲೆ ಸವರಿ, ಆಮೇಲೆ ಸಾವಂತ್ರವ್ವನ ಪಕ್ಕದಲ್ಲಿ ಕೂತರು.

“ಪಟ್ಟಿ ನೀ ಕಟಗೊಂಡಿದ್ಯೇನವ್ವ?”

ಅವಳು ಬೆಚ್ಚಿದಳು. “ನಿಮಗ ಹ್ಯಾಂಗ ತಿಳೀತು ಅಣ್ಣಾರ? ಇಲ್ಲಿ ಯಾರಿಗೂ ಹೇಳಿಲ್ಲ ನಾ.” ಆಮೇಲೆ ದನಿ ತಗ್ಗಿಸಿದಳು. “ಬೀಸಾಕ ಕುಂತಾಗ ಅಕ್ಕ ಎದ್ಲಂದ್ರ ನಾ ಹಿಡೀತಿದ್ನಿ. ನಾ ಎದ್ದ್ರ ಅಕ್ಕ ಹಿಡೀತಿದ್ಲು. ಬೀಸೂಕಲ್ಲು ಒಂದಿನ ನಿಂದ್ರಗೊಟ್ಟಿಲ್ಲ. ಇವತ್ತ ಅಕ್ಕ ಎದ್ದ್ಲು. ಮಂದಿ ಹೊಲಕ್ಕ ಹೋಗೂ ಹೊತ್ತು. ಆಕಿ ಕೆಲಸ ನಿಲ್ಲಬಾರದಂತ ಕಟಗೊಂಡ್ನಿ. ತಪ್ಪಾತೇನ್ರಿ?”

“ನಿನ್ನ ಮಂಡಿ ಗಟ್ಟಿ ಐತವ್ವ. ಗಟ್ಟಿ ಮಂಡಿಗೆ ಮಳಿ ಗೊತ್ತಾಗೂದಿಲ್ಲ.”

“ಅಕ್ಕಾನೂ ಹಂಗ ಅಂತಿದ್ಲು, ನಿಂದು ಮಂಡಿ ಅಲ್ಲ ಒಳಕಲ್ಲ ಐತಿ ಅಂತ,” ಎಂದು ನಗಲು ಹೋದವಳ ನಗೆ ಅರ್ಧಕ್ಕೆ ನಿಂತಿತು. ಮಧ್ಯಾಹ್ನದ ದೀಪ, ಕೂಗು, ಸುಟ್ಟ ಬನ್ನಿ ಗಿಡ ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಶಿವನ! ನಾ ಊರಿಗೂರು...”

“ಏನೂ ಆಗಿಲ್ಲ.” ಗುರುಪಾದಪ್ಪನವರು ಅವಳ ತಲೆಯ ಮೇಲೆ ಕೈ ಇಟ್ಟರು. ಒಡಹುಟ್ಟಿದವಳ ತಲೆ ಸವರಿದ ಕೈಯೇ ಅದು. “ಯಂತ್ರದವ್ರಿಗೆ ನಿಮ್ಮಿಬ್ಬರದು ಗೊತ್ತಿಲ್ಲ, ಅಷ್ಟs. ಇನ್ನ ಯಾರ ಮುಂದೂ ಇದನ್ನ ಆಡಬ್ಯಾಡ, ಕೇಂದ್ರದಾಗಿನ ರೇಷ್ಮಾಗೂ ನಾ ಹೇಳ್ತೀನಿ. ಈಗ ಬಿಚ್ಚು. ಆಕಿ ಕೆಲಸ ಮುಗದೈತಿ. ಮಲಗಲಿ.”

ಸಾವಂತ್ರವ್ವ ಪಟ್ಟಿ ಬಿಚ್ಚಿದಳು. ಬಿಚ್ಚುವಾಗ ಬಿಕ್ಕಿ ಬಿಕ್ಕಿ ಅತ್ತಳು, ಬೆಳಗಿನಿಂದ ಅತ್ತಿರಲಿಲ್ಲ ಎಂದು ಆಮೇಲೆ ಹೆಂಗಸರು ಹೇಳಿದರು. ಅವಳ ಅಳು ಒಂದು ಹದಕ್ಕೆ ಬಂದ ಮೇಲೆ ಇಬ್ಬರೂ ಸೇರಿ ನಿಂಬೆವ್ವನಿಗೆ ತವರಿನ ಸೀರೆ ಹೊದಿಸಿದರು.

ಗುಡ್ಡದ ಹೊಲದಲ್ಲಿ ಹುಡುಗರು ಕುಣಿಯೊಳಗಿನ ಮಳೆನೀರು ತೋಡಿ ಚೆಲ್ಲಿದ್ದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಐನಾರು ಮಂತ್ರ ಹೇಳಿ ಬಿಲ್ವಪತ್ರೆ ಹಾಕಿದರು. ಊರಿಗೂರೇ ಅಲ್ಲಿತ್ತು. ಒಬ್ಬರೂ ಕಡಿಮೆಯಾಗಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಹಸಿ ಮಣ್ಣು ಕೊಟ್ಟು ಹೋದರು. ಎಲ್ಲರದಾದ ಮೇಲೆ ಗುರುಪಾದಪ್ಪನವರು ಬಾಗಿ ಒಂದು ಹಿಡಿ ಮಣ್ಣನ್ನು ಬಿಟ್ಟು, ಕರಡಿಗೆಗೆ ಕೈಮುಗಿದು, ಕಣ್ಣು ಮುಚ್ಚಿದರು.

“ಶಿವನೇ, ನನಗಿಂತ ಚಿಕ್ಕವಳನ್ನು ನನಗಿಂತ ಮುಂಚೆ ಕರೆದುಕೊಂಡೆ. ಯಾಕೆಂದು ಕೇಳುವುದಿಲ್ಲ, ನೀನು ಬಲ್ಲೆ. ನಿನ್ನ ಮನೆ ಇವಳಿಗೆ ಹೊಸದು. ಬಾಗಿಲಲ್ಲಿ ನಿಲ್ಲಿಸಬೇಡ, ಕೈಹಿಡಿದು ಒಳಗೆ ಕರೆದುಕೋ. ತಿಳಿದೋ ತಿಳಿಯದೆಯೋ ತಪ್ಪಿ ನಡೆದಿದ್ದರೆ ಮನ್ನಿಸು. ಬಿಟ್ಟುಹೋದ ನಮ್ಮ ನೆನಪು ಇವಳನ್ನು ಹಿಂದಕ್ಕೆ ಜಗ್ಗದಿರಲಿ, ನಮ್ಮ ಅಳು ಇವಳ ಕಿವಿಗೆ ಬೀಳದಿರಲಿ. ನಿನ್ನ ಪಾದದ ತಂಪಿನಲ್ಲಿ ನನ್ನ ತಂಗಿಗೆ ಶಾಂತಿಯನ್ನು ಕೊಡು, ತಂದೆ.”